ಬಚ್ಚಲು ನೀರಿನ ಬಸಳೆ

ತೆಂಗಿನ ಸೀಮೆಯಲ್ಲಿ ಕೈತೋಟ ಕಲಿಸಲು ಹೊರಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಕಿಬ್ಬನಹಳ್ಳಿ ಸುತ್ತಿನ ಹನ್ನೆರಡು ಹೆಂಗಸರಿಗೆ ನಾನು ಕಲಿಸಬೇಕಿತ್ತು, ಅವರು ತಮ್ಮ ತಮ್ಮ ಬೀದಿಗೆ ಕಲಿಸಬೇಕಿತ್ತು. ತೋಟ ಇಟ್ಟುಕೊಂಡೂ ಕೊತ್ತಂಬರಿಗೆ ಸಂತೆಗೆ ಓಡುವ ಜನ. ನನಗೆ ಅದೇ ಸಿಟ್ಟು.

೧. ಮೂರಡಿ ಗುಂಡಿ

ಮೊದಲ ವಾರ ಎಲ್ಲರಿಗೂ ಮೆಂತ್ಯ ಕೊಟ್ಟು, ಬಿತ್ತಿ ಬನ್ನಿ ಎಂದಿದ್ದೆ. ಮರುವಾರ ಒಬ್ಬರು ಸೊಂಟ ಹಿಡಿದುಕೊಂಡು ಬಂದರು.

“ಗುಂಡಿ ಆಗೈತೆ ಸಾರ್. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ನಮ್ಮ ಯಜಮಾನ್ರು ತಳಕ್ಕೆ ಉಪ್ಪೂ ಹಾಕವ್ರೆ.”

ಅದು ತೆಂಗಿನ ಸಸಿ ನೆಡುವ ಕ್ರಮ. ಮೆಂತ್ಯಕ್ಕೆ ಬೆರಳಲ್ಲಿ ಒಂದು ಗೀರು ಎಳೆದರೆ ಸಾಕು ಎಂದೆ. ಆಕೆಗೆ ನನ್ನ ಮೇಲೇ ಅನುಮಾನ ಬಂತು.

“ಅಷ್ಟಕ್ಕೆ ಟ್ರೈನಿಂಗ್ ಯಾಕೆ ಸಾರ್?”

೨. ಮರದ ಪಾಲು

ಹನ್ನೆರಡು ಜನರಲ್ಲಿ ಬಾಯಿ ಬಿಡದವಳು ಒಬ್ಬಳೇ, ಹೊಸದಾಗಿ ಬಂದ ಸೊಸೆ. ಕಲಿಸುವ ಆಸೆ ಮಾತ್ರ ಎಲ್ಲರಿಗಿಂತ ಹೆಚ್ಚು. ಒಂದು ದಿನ ಮೆಲ್ಲಗೆ ಹೇಳಿದಳು: “ನಮ್ಮ ಹಿತ್ಲಲ್ಲೇ ಒಂದೆಲೆ ಇಲ್ಲ ಸಾರ್. ಬೀದಿಯೋರು ನನ್ನ ಮಾತು ಕೇಳ್ತಾರಾ?”

ಬಸಳೆ ಹಾಕೋಣವೆಂದರೆ ತೊಂದರೆ ನೀರಿನದು. ಬಚ್ಚಲ ನೀರೆಲ್ಲ ಹಿತ್ತಲ ತೆಂಗಿನ ಮರಕ್ಕೆ. ಅದು ಅತ್ತೆ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಆ ಅಜ್ಜಿಯ ಹತ್ತಿರ ಶಿಫಾರಸಿಗೆ ನಾನೇ ಹೋದೆ.

“ಒಂದು ಬಿಂದಿಗೆ ಬಸಳೆಗೆ ಬಿಡಜ್ಜಿ.”

“ನಿಮ್ಮನೆ ನೀರು ಬುಟ್ಕೋ ಹೋಗಪ್ಪ. ಇದು ಮರದ ಪಾಲು.”

ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಸೊಸೆಯ ಮುಖ ನೋಡಲು ನಾಚಿಕೆಯಾಯಿತು.

೩. ಎರಡನೇ ಸ್ನಾನ

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೋದರೆ ಅದೇ ಹಿತ್ತಲಲ್ಲಿ ಬೀದಿಯ ಹೆಂಗಸರೆಲ್ಲ ಕೂತಿದ್ದಾರೆ, ಸೊಸೆ ಗಟ್ಟಿ ದನಿಯಲ್ಲಿ ಪಾಠ ಹೇಳುತ್ತಿದ್ದಾಳೆ. ಬಸಳೆಯನ್ನು ಅವಳು ಮರದ ಪಾತಿಯೊಳಗೇ ಊರಿದ್ದಳು. ನೀರು ಮರಕ್ಕೇ ಹೋಗುತ್ತಿತ್ತು, ಬಸಳೆ ನಡುವೆ ಕುಡಿದುಕೊಳ್ಳುತ್ತಿತ್ತು. ಬಳ್ಳಿ ತೆಂಗಿನ ಮೈ ಹಿಡಿದು ಆಳೆತ್ತರ ಏರಿತ್ತು. ಇದು ನಾನು ಹೇಳಿಕೊಟ್ಟ ಪಾಠವಲ್ಲ. ಒಳಗೊಳಗೇ ಹೆಮ್ಮೆಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅಷ್ಟರಲ್ಲಿ ಅಜ್ಜಿ ಒದ್ದೆ ತಲೆಯಲ್ಲಿ ಬಚ್ಚಲಿಂದ ಹೊರಬಂದರು.

“ಬೆಳಿಗ್ಗೆ ಸ್ನಾನ ಆಗಿರಲಿಲ್ವೇನಜ್ಜಿ?”

“ಆಗಿತ್ತು ಕಣಪ್ಪ. ಬಿಸಿಲು ನೋಡು ಹೆಂಗೈತೆ. ಪಾಪ, ಮರ ಬಾಡ್ತೈತೆ.”

ನಲವತ್ತು ವರ್ಷದ ಮರ ಗಟ್ಟಿಯಾಗೇ ನಿಂತಿತ್ತು. ಅಜ್ಜಿ ಅದರ ಕಡೆ ತಲೆಯೆತ್ತಿಯೂ ನೋಡದೆ, ಬಗ್ಗಿ ನೆಲಕ್ಕೆ ಬಿದ್ದಿದ್ದ ಬಸಳೆಯ ಕುಡಿಯೊಂದನ್ನು ಮೇಲಕ್ಕೆ ಹಬ್ಬಿಸಿ ಸೊಸೆಗೆ ಕೂಗಿದರು:

“ಸಂಜೆಗೆ ಇನ್ನೊಂದು ಹಂಡೆ ಕಾಯ್ಸು ಕಣೇ!”