ರಕ್ತ ಕುಡಿಯದ ಹತ್ತಿ

ಯಾರಿಗೆ ಏನೇ ಕೊರತೆಯಾದರೂ "ಅದಕ್ಕೇನಂತೆ, ನಾನಿದ್ದೇನಲ್ಲ!" ಎಂದು ಮುಂದೆ ಬೀಳುವುದು ನನ್ನ ಹುಟ್ಟುಗುಣ. ಮದುವೆಮನೆಯಲ್ಲಿ ಅಡುಗೆಯವನು ಕೈಕೊಟ್ಟಾಗಲೂ ಹಾಗೆಯೇ ಅಂದಿದ್ದೆ; ಆ ಸಾರು ಉಂಡವರು ಇನ್ನೂ ಬದುಕಿದ್ದಾರೆ. ಆತ್ಮವಿಶ್ವಾಸಕ್ಕೆ ಖರ್ಚಿಲ್ಲ ಎಂದು ಬಹುಕಾಲ ನಂಬಿದ್ದೆ. ಖರ್ಚಿದೆ ಎಂದು ತಿಳಿದದ್ದು ಈ ಬೇಸಿಗೆಯಲ್ಲಿ, ಹತ್ತಿಯ ದೆಸೆಯಿಂದ.

ಹತ್ತಿರದ ಹಾರವಾಡದಲ್ಲಿ ಕಾಲರಾಕ್ಕೆ ಜೀವ ಹೋದ ಸುದ್ದಿ ಬಂತು. ಅದು ನಮ್ಮ ಭಾವಿಕೇರಿಗೆ ಕಾಲಿಡುವ ಮೊದಲೇ ಎಲ್ಲರಿಗೂ ಸೂಜಿ ಹಾಕಬೇಕೆಂದು ಕಾರವಾರದಿಂದ ಡಾಕ್ಟರರು ಬಂದರು. ಶಾಲೆಯ ಮಾಸ್ತರನಾದ ನನ್ನ ಮನೆಯ ಜಗಲಿಯಲ್ಲೇ ಎಲ್ಲ ವ್ಯವಸ್ಥೆ. ಸತ್ಯಾಗ್ರಹದಲ್ಲಿ ಉಪ್ಪು ಮಾಡಿ, ಲಾಠಿ ತಿಂದು, ಜೈಲು ಕಂಡು ಬಂದ ಗಂಡಸರು ಅಂಗಳದಲ್ಲಿ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿ ನಿಂತಿದ್ದರು. ಅವರನ್ನು ಒಟ್ಟುಗೂಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಒಮ್ಮೆ ಚದುರಿದರೆ ಮತ್ತೆ ಸೇರುವವರಲ್ಲ. ಅಷ್ಟರಲ್ಲಿ ಡಾಕ್ಟರರು ಪೆಟ್ಟಿಗೆ ತೆರೆದು, "ಅರೇ ದೇವಾ! ಹತ್ತಿ ಕಟ್ಟು ಕಾರವಾರದಲ್ಲೇ ಉಳೀತು. ಚುಚ್ಚಿದ ಮೇಲೆ ರಕ್ತ ಒತ್ತಿ ಹಿಡಿಯೂಕೆ ಎಂತಾ ಮಾಡೂದು?" ಎಂದರು.

"ಅದಕ್ಕೇನಂತೆ!" ಎಂದವನೇ ಒಳಗೆ ಹೋಗಿ, ಹೆಂಡತಿಯ ಹೊಸ ದಿಂಬು ಹರಿದು ಬೂರುಗದ ಹತ್ತಿ ತಂದೆ. ಕಾಯಿ ಆರಿಸಿ, ಬೀಜ ಬಿಡಿಸಿ, ತಿಂಗಳುಗಟ್ಟಲೆ ಕೂತು ಅವಳು ತುಂಬಿಸಿದ ದಿಂಬು. ಡಾಕ್ಟರರು ಅನುಮಾನಿಸಿದಾಗ, ಇದರ ಮೇಲೆ ಇನ್ನೂ ಯಾರೂ ತಲೆಯಿಟ್ಟಿಲ್ಲವೆಂದು ಭರವಸೆ ಕೊಟ್ಟೆ. ಸಮುದ್ರದ ಗಾಳಿಗೆ ಅರ್ಧ ಹತ್ತಿ ಹಾರಿ ಜನರ ಮೀಸೆ ಸೇರಿತು.

ಮೊದಲು ತೋಳು ಕೊಟ್ಟವಳು ನೆರೆಮನೆಯ ಬೀರಮ್ಮ. ಸೂಜಿ ತೆಗೆದ ಕೂಡಲೇ ನಾನೇ ಹತ್ತಿ ಇಟ್ಟೆ. ರಕ್ತದ ಹನಿ ಅದರಡಿಯಿಂದ ಜಾರಿ ಮೊಣಕೈವರೆಗೆ ಇಳಿಯಿತು. ಹತ್ತಿ ಮಾತ್ರ ಬೆಳ್ಳಗೇ ಇತ್ತು.

"ನೋಡಿದ್ರಾ! ಹತ್ತಿನೂ ಮುಟ್ಟೂದಿಲ್ಲಾ ಮಾರಾಯಾ! ಸೂಜಿ ಹಾಕಿದ ಕೂಡ್ಲೆ ರಕ್ತ ವಿಷ ಆಗೋಯ್ತು!" ಎಂದು ಬೀರಮ್ಮನ ಗಂಡ ಕೂಗಿದ. ಗುಂಪು ಬೇಲಿಯ ಕಡೆ ಸರಿಯತೊಡಗಿತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇವರು ಹೀಗೇ ಮನೆಗೆ ಹೋದರೆ ಹಾರವಾಡದ ಸುದ್ದಿ ನಾಳೆ ನಮ್ಮೂರಿನದೂ ಆಗಬಹುದಿತ್ತು.

"ಬೂರುಗ ನೀರು ಕುಡಿಯೂದಿಲ್ಲ ಮಾಸ್ತರ್ರೇ," ಎಂದರು ಡಾಕ್ಟರರು. "ತೊಳೆದು ಮೆತ್ತಗಾದ ಬಟ್ಟೆ ಇದ್ರೆ ಕುದಿಸಿ ತನ್ನಿ, ಬೇಗ!"

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ನನ್ನ ದಿಂಬು ಹರದ್ರಲ್ಲ, ಈಗ ನಿಮ್ಮ ಮಲ್‌ಮಲ್ ಧೋತರ ಬರ್ಲಿ," ಎಂದಳು. ಕಾರವಾರಕ್ಕೆ ಹೋಗುವಾಗ ಮಾತ್ರ ನಾನು ಉಡುವ ಧೋತರ! ನಾನು ಬಾಯಿ ತೆರೆಯುವುದರೊಳಗೆ ಅದು ತುಂಡುತುಂಡಾಗಿ ಗಂಜಿಯ ತಪ್ಪಲೆಯಲ್ಲಿ ಕುದಿಯುತ್ತಿತ್ತು. ಬೀರಮ್ಮನ ತೋಳಿಗೆ ಒತ್ತಿದ ತುಂಡು ಕೆಂಪಾಯಿತು, ರಕ್ತ ನಿಂತಿತು.

"ಮಾಸ್ತರ ಧೋತರ ಕುಡೀತು! ಹಂಗಾರೆ ಅಡ್ಡಿಲ್ಲ!" ಎಂದು ಅವಳ ಗಂಡನೇ ತೋಳು ಚಾಚಿದ. ಸಂಜೆಯೊಳಗೆ ಊರಿನ ತೋಳುಗಳ ಮೇಲೆಲ್ಲ ನನ್ನ ಧೋತರವೇ. ಜರಿ ಅಂಚು ಸಿಕ್ಕವರು ಅದನ್ನು ತೆಗೆಯಲು ಒಪ್ಪದೆ ಪೇಟೆಗೂ ಹೋಗಿ ಬಂದರು. ಕಾಲರಾ ನಮ್ಮೂರಿಗೆ ಬರಲಿಲ್ಲ.

ಅಂದು ಜನರೆಲ್ಲ ಹೋದ ಮೇಲೆ ಡಾಕ್ಟರರು ನನ್ನತ್ತ ತಿರುಗಿದರು. ಊರಿನವರದು ಮೊದಲಾಗಲಿ ಎಂದು ನಾನು ಉದಾರವಾಗಿ ಹಿಂದೆ ನಿಂತಿದ್ದೆ. "ಬಟ್ಟೆ ಮುಗೀತಲ್ಲ ಡಾಕ್ಟರೇ, ನನ್ನದು ಇನ್ನೊಮ್ಮೆ ನೋಡೋಣ," ಎಂದೆ.

ಹೆಂಡತಿ ಅಳಿದುಳಿದ ಬೂರುಗದ ಉಂಡೆ ಹಿಡಿದು ಹೊರಬಂದಳು.

"ಅದಕ್ಕೇನಂತೆ," ಎಂದಳು, "ನಾನಿದ್ದೇನಲ್ಲ!"

ಹತ್ತಿ ಬೆಳ್ಳಗೇ ಉಳಿಯಿತು. ಅವಳು ಒತ್ತಿದ ಒತ್ತಿಗೆ ರಕ್ತ ಹೊರಗೆ ಬರುವ ಧೈರ್ಯ ಮಾಡಲಿಲ್ಲ.