ಸುಣ್ಣದ ಡಬ್ಬಿಯೊಳಗಿನ ಬಿಪಿ

ಡಾಕ್ಟರರಿಗೆ ಜಗ್ಗದ ನನ್ನ ಬಿಪಿ ನಮ್ಮಕ್ಕನಿಗೆ ಹೆದರಿ ಇಳಿದಿತ್ತು! ಇಷ್ಟು ಹೇಳಿದರೆ ಆಕೆ ಎಂಥವಳೆಂದು ತಿಳಿಯಿತಲ್ಲ?

ನನ್ನ ಹೆಂಡತಿ ತೀರಿದ ಮೇಲೆ ಸವಣೂರಿನ ನಮ್ಮ ಮನೆಗೆ ಬಂದು ನಿಂತವಳು ಅಕ್ಕ. ನನಗೆ ಬಿಪಿ ಎಂದು ಗೊತ್ತಾದ ದಿನವೇ ಉಪ್ಪಿನಕಾಯಿ ಭರಣಿಯನ್ನು ಎದುರು ಮನೆಗೆ ದಾನ ಮಾಡಿದಳು. ಹಪ್ಪಳ, ಸಂಡಿಗೆಗಳಿಗೂ ಗಡಿಪಾರು! ಆಕೆಯೂ ಸಪ್ಪೆಯನ್ನೇ ಉಣ್ಣುತ್ತಿದ್ದಳು. ಆಕೆಗೂ ಬಿಪಿ ಇರಬೇಕೆಂದು ನಾನು ತಿಳಿದಿದ್ದೆ.

ಹಿರೇಕೆರೂರಿನ ಬೀಗರು ಬಂದಾಗ, "ಅಕ್ಕಾರ, ಸಾರಿಗೆ ಉಪ್ಪು ಹಾಕೂದು ಮರ್ತೀರೇನ್ರಿ?" ಎಂದರು.

"ಮರ್ತಿಲ್ರಿ. ನಿಮ್ಮ ಹೊಟ್ಟಿ ನೋಡೇ ಹಾಕಿಲ್ಲ!"

ಬೀಗರು ಆಮೇಲೆ ನಮ್ಮಲ್ಲಿ ಬರೀ ಚಹಾ ಕುಡಿದು ಹೋಗುತ್ತಾರೆ.

ಊಟವಾದ ಮೇಲೆ ನನಗೆ ವೀಳ್ಯದೆಲೆ ಬೇಕೇ ಬೇಕು. ಅಕ್ಕ ಎಲೆಯ ಮೇಲೆ ಬಿಪಿ ಗುಳಿಗೆ ಇಟ್ಟು ಕೊಡುತ್ತಿದ್ದಳು. "ಮೊದಲ ಗುಳಿಗಿ. ಆಮ್ಯಾಲೆ ಎಲಿ." ಆದರೆ ಬಿಪಿಯಿಂದ ತಲೆ ತಿರುಗುತ್ತಿದ್ದುದು ಈಗ ನಿಂತಿತ್ತು. ಆರಾಮಾದವನಿಗೆ ಗುಳಿಗೆ ಯಾತಕ್ಕೆ? ಎಲೆಯನ್ನು ಬಾಯಿಗೆ, ಗುಳಿಗೆಯನ್ನು ಸುಣ್ಣದ ಡಬ್ಬಿಗೆ ಹಾಕತೊಡಗಿದೆ. ಬಿಳಿಯದರೊಳಗೆ ಬಿಳಿಯದು, ಯಾರಿಗೆ ಕಾಣಬೇಕು!

ಹಾನಗಲ್ಲಿನಲ್ಲೊಂದು ಮದುವೆ. ಪಂಕ್ತಿಯಲ್ಲಿ ಕೂತಾಗ ಎದೆಯ ಮೇಲೆ ಜೋಳದ ಚೀಲ ಇಟ್ಟಂತಾಯಿತು. ಬೆವರಿಳಿಯಿತು. ಎಡಗೈ ತಿಕ್ಕಿಕೊಳ್ಳುತ್ತ, "ಗ್ಯಾಸ್ ಆಗೇತಿ ಅಕ್ಕಾ, ಸೋಡಾ ತರ್ಸು" ಎಂದೆ.

"ಗ್ಯಾಸ್ ಕೈಯಾಗ ಇಳೀತೈತೇನೋ ಹುಚ್ಚಾ? ಏಳ!"

ಹೊರಗೆ ಮದುಮಗನ ಕಾರು ನಿಂತಿತ್ತು. ಅಕ್ಕ ಬಾಗಿಲು ತೆಗೆದು ನನ್ನನ್ನು ಒಳಗೆ ದಬ್ಬಿದಳು. "ಮದಿಮಗ ಆಮ್ಯಾಲೆ ಹೋಗ್ಲಿ. ಮೊದಲ ನನ್ನ ತಮ್ಮ!" ಹೂವಿನ ಮಾಲೆ ಹೊತ್ತ ಕಾರಿನಲ್ಲಿ, ಈ ಮುದಿ ವರನ ಮೆರವಣಿಗೆ ದವಾಖಾನೆಗೆ ಹೊರಟಿತು!

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಅಲ್ಲಿಂದ ದೊಡ್ಡ ದವಾಖಾನೆಗೆ ಒಯ್ದು ಸ್ಟೆಂಟ್ ಹಾಕಿದರು. "ಗುಳಿಗಿ ಬಿಟ್ಟಿದ್ರೇನ್ರಿ? ಇನ್ನ ಎಷ್ಟ ಆರಾಮ ಅನ್ಸಿದ್ರೂ ನಮ್ಮನ್ನ ಕೇಳದ ಬಿಡಬ್ಯಾಡ್ರಿ" ಎಂದರು ಡಾಕ್ಟರರು. ಅಕ್ಕನೆದುರೇ ಡಬ್ಬಿಯ ಕಥೆ ಒಪ್ಪಿಕೊಂಡೆ. ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿದೆ. ಬರಲಿಲ್ಲ! ಕಣ್ಣು ತೆರೆದರೆ ಆಕೆ ನನ್ನ ಮಂಚದ ಕಂಬಿ ಹಿಡಿದು ನಿಂತಿದ್ದಳು. ನರ್ಸ್ ಬಾಯಿ ಆಕೆಯನ್ನು ಕೂರಿಸಿ ಬಿಪಿ ನೋಡಿದಳು.

"ಅಜ್ಜಿ, ನಿಮ್ಮದು ಬರೋಬ್ಬರಿ ಐತ್ರಿ."

"ನಂಗ್ಯಾವಾಗಿತ್ತವ್ವಾ ಬಿಪಿ?"

"ಮತ್ತ ನೀ ಯಾಕ ಸಪ್ಪಿ ಊಟ ಮಾಡ್ತಿದ್ದಿ?" ಎಂದೆ ನಾನು.

"ನಿನ್ನ ಮುಂದ ಉಪ್ಪಿನಕಾಯಿ ನೆಕ್ಕೋತ ಕುಂದರ್ಲೇನು?"

ಮನೆಗೆ ಬಂದ ದಿನ ಎದುರು ಮನೆಯಿಂದ ಒಂದು ಹೋಳು ಉಪ್ಪಿನಕಾಯಿ ಬೇಡಿ ತರಿಸಿ ಅಕ್ಕನ ತಟ್ಟೆಗೆ ಹಾಕಿದೆ. ಆಕೆ ಮುಟ್ಟಲಿಲ್ಲ, ನನ್ನನ್ನೇ ನೋಡುತ್ತ ಕೂತಳು. ನಾನು ಗುಳಿಗೆ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದೆ.

ಆಗ ಅಕ್ಕ ಹೋಳನ್ನು ಬಾಯಿಗಿಟ್ಟಳು.