ಉಮಾಮಿ ಬರುವ ಭಾನುವಾರ

ಕನ್ನಡಕದ ಅಂಗಡಿಯವನು ಪಣ ತೊಟ್ಟ: ಊರಿನವರ ಕಣ್ಣು ತಿದ್ದಿದ ಈ ಕೈ ಇನ್ನು ಮೂರೇ ವಾರದಲ್ಲಿ ತನ್ನದೇ ನಾಲಗೆಯನ್ನು ತಿದ್ದಿ ತೋರಿಸುತ್ತದೆ!

ಹೆಂಡತಿ ತೀರಿಹೋಗಿ ಒಂದೂವರೆ ವರ್ಷವಾಗಿತ್ತು. ಅಂದಿನಿಂದ ಅವನು ಮಾಡಿಕೊಂಡ ಸೂಪಿಗೂ ಬಿಸಿನೀರಿಗೂ ಇದ್ದ ವ್ಯತ್ಯಾಸ ಬಣ್ಣದ್ದು ಮಾತ್ರ. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ನಾಲಗೆಗೇನೂ ಆಗಿಲ್ಲ. ಮನೇಲಿ ಯಾರಾದ್ರೂ ಇದಾರಾ?" ಎಂದು ಕೇಳಿದ್ದರು. ಅವನು ಫೀಸು ಕೊಟ್ಟು ಎದ್ದು ಬಂದಿದ್ದ.

ಆಮೇಲೊಂದು ದಿನ, ಗಿರಾಕಿಗಳಿಗೆಂದು ಅಂಗಡಿಯ ಬೆಂಚಿನ ಮೇಲಿಟ್ಟಿದ್ದ ವಾರಪತ್ರಿಕೆಯಲ್ಲಿ ಒಂದು ಲೇಖನ ಕಣ್ಣಿಗೆ ಬಿತ್ತು. ಸಿಹಿ, ಹುಳಿ, ಉಪ್ಪು, ಕಹಿ ಅಲ್ಲದೆ ಇನ್ನೊಂದು ಮೂಲ ರುಚಿ ಇದೆಯಂತೆ. ಹೆಸರು ಉಮಾಮಿ. ಒಣಗಿದ ಅಣಬೆ, ಮಾಗಿದ ಟೊಮೇಟೊ, ಹಳೆಯ ಚೀಸು, ಇವುಗಳಲ್ಲಿ ಅಡಗಿರುತ್ತದಂತೆ. ಬಾಯಿ ತುಂಬಿಕೊಂಡು, ನುಂಗಿದ ಮೇಲೂ ನಾಲಗೆ ಬಿಟ್ಟು ಹೋಗುವುದಿಲ್ಲವಂತೆ. ಅವನ ಎದೆ ಹಗುರವಾಯಿತು. ರುಚಿ ಹೋದದ್ದು ಅವಳ ಜೊತೆಗಲ್ಲ, ಯಾವುದೋ ಸಾಮಾನು ಕಡಿಮೆ ಬಿದ್ದು! ಸಾಮಾನಾದರೆ ಅಂಗಡಿಯಲ್ಲಿ ಸಿಗುತ್ತದೆ.

ಶುರುವಾಯಿತು ತಪಸ್ಸು. ನೆನೆಹಾಕಿದ ಒಣ ಅಣಬೆ ಮನೆಯನ್ನೆಲ್ಲ ಮಳೆಯಲ್ಲಿ ನೆಂದ ಬೂಟಿನ ವಾಸನೆಗೆ ಒಪ್ಪಿಸಿತು. ಟೊಮೇಟೊ ನಾಲ್ಕು ಗಂಟೆ ಕುದಿದು ಗೋಡೆಗೆಲ್ಲ ಹಾರಿತು. ಅವನು ಚಮಚಗಳಿಗೆ ಒಂದು, ಎರಡು ಎಂದು ಚೀಟಿ ಅಂಟಿಸಿ, ಗಾಜು ಬದಲಿಸಿ ಗಿರಾಕಿಗಳನ್ನು ಕೇಳುವಂತೆ ತನ್ನನ್ನೇ ಕೇಳಿಕೊಂಡ: "ಇದು ಚೆನ್ನಾಗಿದೆಯಾ, ಮೊದಲಿನದಾ?" ಉತ್ತರ ಕೊಡಲು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಪ್ರತಿ ಗುರುವಾರ ಅಕ್ಕನ ಫೋನು ಬರುತ್ತಿತ್ತು. "ಊಟ ಆಯ್ತಾ?" "ಆಯ್ತು." "ಏನು ಮಾಡ್ಕೊಂಡೆ?" "ಏನೋ ಒಂದು." ಅಲ್ಲಿಗೆ ಮುಗಿಯುತ್ತಿದ್ದ ಮಾತು ಈ ಸಲ ಮುಗಿಯಲಿಲ್ಲ.

"ಅಕ್ಕಾ, ಮೂರು ವಾರದಿಂದ ಉಮಾಮಿ ಹಿಂದೆ ಬಿದ್ದಿದೀನಿ" ಎಂದ. ತಲೆಯ ಮೇಲೆ ಹೊಗೆ ಎಳೆಯುವ ಫ್ಯಾನು ಗಿರ್ರೆನ್ನುತ್ತಿತ್ತು.

"ಯಾರು, ಉಮಾ ಮಾಮೀನಾ?"

"ಹೂಂ, ಉಮಾಮಿ. ಇಷ್ಟು ದಿನ ಇಲ್ದೆ ಹೇಗಿದ್ನೋ ಏನೋ."

ಆ ಕಡೆ ಅಕ್ಕ ದನಿ ತಗ್ಗಿಸಿದಳು. "ವಯಸ್ಸೆಷ್ಟೋ?"

ಚೀಸಿನ ಬಗ್ಗೆ ಕೇಳುತ್ತಿದ್ದಾಳೆ ಎಂದುಕೊಂಡ. "ಹಳೇದಾದಷ್ಟೂ ಒಳ್ಳೇದಂತೆ ಅಕ್ಕಾ."

"ಸರಿಯಪ್ಪ, ನಿನಗೂ ಐವತ್ತೆರಡಾಯ್ತು." ಅಕ್ಕನ ದನಿ ಒದ್ದೆಯಾಗಿತ್ತು. "ಭಾನುವಾರ ಬಂದ್ರೆ ನೋಡೋಕಾಗತ್ತಾ?"

"ಹನ್ನೆರಡಕ್ಕೆಲ್ಲ ಸಿದ್ಧ ಇರತ್ತೆ."

ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಸಂದೇಶ ಬಂತು: 'ತಡವಾದರೂ ಒಳ್ಳೆಯ ನಿರ್ಧಾರ.' ಅತ್ತಿಗೆಯದು: 'ಫೋಟೋ ಕಳಿಸಿ.' ಒಂದು ಸೂಪಿಗೆ ಬಂಧುಬಳಗ ಇಷ್ಟು ಬೆಂಬಲ ಕೊಡುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಹನ್ನೆರಡಕ್ಕೆ ಅಕ್ಕ ಹೊಸ ಬಟ್ಟೆ ಉಟ್ಟು, ಹೂಗುಚ್ಛ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿ?" ಎಂದು ಅವನ ಹೆಗಲ ಮೇಲಿಂದ ಇಣುಕಿದಳು.

"ಒಲೆ ಮೇಲೆ."

"ಬಂದ ದಿನವೇ ಒಲೆ ಮುಂದೆ ನಿಲ್ಲಿಸಿದೀಯಾ?"

ವಿಷಯ ಬಿಡಿಸಿ ಹೇಳುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಸೂಪು ತಳ ಹಿಡಿದು, ಮನೆ ತುಂಬ ಹೊಗೆಯಾಯಿತು. ಇಬ್ಬರೂ ಕೆಮ್ಮುತ್ತ ಕಿಟಕಿ ತೆರೆದರು. ಅಕ್ಕ ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ಕುಳಿತಳು. ನಗುತ್ತಾಳೆಂದುಕೊಂಡಿದ್ದ, ಅವಳು ನಗಲಿಲ್ಲ.

ಮೇಲೆ ಸೀಯದೆ ಉಳಿದಿದ್ದನ್ನು ಬಡಿಸೋಣವೆಂದರೆ ಹೊರಗಿದ್ದದ್ದು ಒಂದೇ ಬಟ್ಟಲು. ಅವನು ಸ್ಟೂಲು ಹತ್ತಿ, ಅಟ್ಟದಿಂದ ಕಾಗದ ಸುತ್ತಿದ್ದ ಇನ್ನೊಂದನ್ನು ಇಳಿಸಿದ.

"ಅವಳ ಬಟ್ಟಲು ಯಾಕೋ ಕಟ್ಟಿಟ್ಟಿದೀಯಾ?"

"ಧೂಳು ಕೂರತ್ತೆ ಅಂತ."

ಅಕ್ಕ ಆ ಬಟ್ಟಲನ್ನು ಕೈಗೆ ತೆಗೆದುಕೊಂಡು ತಾನೇ ತೊಳೆದಳು. ಇಬ್ಬರೂ ಎದುರುಬದುರು ಕುಳಿತು ಉಂಡರು. ಸೀದ ವಾಸನೆ, ಹುಳಿ, ಆಮೇಲೆ ಇನ್ನೇನೋ ಒಂದು ನಾಲಗೆಯ ಬದಿಗೆ ಹತ್ತಿದಂತಾಯಿತು. ಅವನಿಗೆ ಮೈ ಜುಮ್ಮೆಂದಿತು. ಅದೇ ಇರಬಹುದೇ? ಮತ್ತೊಂದು ಚಮಚದಲ್ಲಿ ಅದು ಇರಲಿಲ್ಲ. ಸೋಲೊಪ್ಪಲು ಮನಸ್ಸಾಗದೆ ಪತ್ರಿಕೆ ತಂದು, ಲೇಖನದ ಕೊನೆಯ ಸಾಲನ್ನು ಗಂಭೀರವಾಗಿ ಓದಿದ: "ಈ ರುಚಿ ತಾಯಿಯ ಹಾಲಿನಲ್ಲೇ ಹೇರಳವಾಗಿದೆ. ಮಗು ಮೊದಲು ಕಲಿಯುವ ರುಚಿಗಳಲ್ಲಿ ಇದೂ ಒಂದು."

ಅಕ್ಕ ಚಮಚ ಕೆಳಗಿಟ್ಟಳು.

"ಹಾಗಾದ್ರೆ ನಿನಗೆ ಗೊತ್ತಾಗದೇ ಇರೋದೇ ಸರಿ ಬಿಡು. ನೀನು ಹುಟ್ಟಿದಾಗ ಅಮ್ಮನಿಗೆ ಹಾಲೇ ಬರಲಿಲ್ಲ. ಡಬ್ಬಿ ಪುಡಿ ಕಲಸಿ ನಿನ್ನನ್ನ ಸಾಕಿದ್ದು ಎಂಟು ವರ್ಷದ ನಾನು." ಆಮೇಲೆ ತಲೆ ತಗ್ಗಿಸಿ ಹೇಳಿದಳು, "ಅದರಲ್ಲೂ ಅರ್ಧ ಬಾಟಲಿ ನಾನೇ ಕುಡಿದುಬಿಡ್ತಿದ್ದೆ ಕಣೋ."